ಮೂಡಲ ಹೊಲ ಪಡುವಲಕ್ಕಿತ್ತು

ಹೋದ ತಿಂಗಳು ಕೊಪ್ಪಳದಲ್ಲಿ ಅವರಿಗೆ ನುಡಿನಮನ ಇಟ್ಟುಕೊಂಡಿದ್ದರು. ಅವರ ಕೈಕೆಳಗೆ ಪಳಗಿದ ಭೂಮಾಪಕರೊಬ್ಬರು ಮೈಕು ಹಿಡಿದು, “ಇಡೀ ನೌಕರಿಯೊಳಗ ಸಾಹೇಬ್ರು ಒಂದ ಒಂದು ತಪ್ಪು ಮಾಡಲಿಲ್ರಿ. ಅವರ ಅಳತಿ ಅಂದ್ರ ಮುಗೀತು,” ಅಂದರು. ಸತ್ತವರ ಸಭೆಯಲ್ಲಿ ಚಪ್ಪಾಳೆ ಹೊಡೆಯಬಾರದು ಎಂಬುದನ್ನೂ ಮರೆತು, ನಿಜ ಗೊತ್ತಿದ್ದವರೂ ಸೇರಿ ಜನ ಚಪ್ಪಾಳೆ ಹೊಡೆದರು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು, “ಸುಳ್ಳು! ಒಂದು ತಪ್ಪು ಮಾಡಿದ್ರು, ಭಾರಿ ತಪ್ಪು, ನಾನ ಕಣ್ಣಾರೆ ನೋಡೀನಿ” ಎಂದು ಕೂಗಬೇಕೆನಿಸಿತು. ಏಳಹೋದವಳನ್ನು ಪಕ್ಕದಲ್ಲಿದ್ದ ನನ್ನ ಗಂಡ ಸೆರಗು ಹಿಡಿದು ಕೂರಿಸಿದರು. ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ತಪ್ಪನ್ನು ಬಿಟ್ಟು ಅವರನ್ನು ನೆನೆಯುವುದು ಉಪ್ಪು ಹಾಕದೆ ಸಾರು ಬಡಿಸಿದ ಹಾಗೆ.

ಅವರು ಸರ್ವೇಯರ್, ಎಂದರೆ ಹೊಲ ಅಳೆಯುವ ಸರಕಾರಿ ಭೂಮಾಪಕರು. ನಾನು ತಾಲೂಕು ಕಚೇರಿಯೊಂದರ ದಾಖಲೆ ಕೋಣೆಯಲ್ಲಿ ಗುಮಾಸ್ತೆ. ಯಾವ ತಾಲೂಕು ಎಂದು ಕೇಳಬೇಡಿ, ನನ್ನ ನೌಕರಿ ಇನ್ನೂ ಮುಗಿದಿಲ್ಲ. ಅವರ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ “ಅಯ್ಯ, ನಮ್ಮ ಬದು ಅಳದೋರು ಅವರ ಅಲ್ಲೇನು” ಎಂದು ಕುಷ್ಟಗಿಯಿಂದ ಗಂಗಾವತಿಯವರೆಗೆ ಅರ್ಧ ಜಿಲ್ಲೆ ಎದ್ದು ಬರುತ್ತದೆ. ನಾವೆಲ್ಲ ಸಾಹೇಬ್ರು ಎಂದೇ ಕರೆಯುತ್ತಿದ್ದೆವು.

ಆಳು ಗಿಡ್ಡ. ಬಿಸಿಲಿಗೆ ಸುಟ್ಟು ಸುಟ್ಟು ಬಣ್ಣ ಯಾವುದೆಂದೇ ತಿಳಿಯದಂತಾಗಿದ್ದ ಮುಖ. ರಸ್ತೆಯಲ್ಲಿ ಸುಮ್ಮನೆ ನಡೆಯುವಾಗಲೂ ಹೆಜ್ಜೆಗಳನ್ನು ಒಂದೇ ಅಳತೆಗೆ ಇಡುತ್ತಿದ್ದರು, ಮನಸ್ಸಿನಲ್ಲೇ ಎಣಿಸುತ್ತಿದ್ದರು. ಆಗ ನಮಸ್ಕಾರ ಹೊಡೆದರೆ ತಿರುಗಿ ನೋಡುತ್ತಿರಲಿಲ್ಲ. ಚಹಾದಂಗಡಿಯವನು ಹೊಸಬರಿಗೆ, “ಎಣಸಾಕ ಹತ್ಯಾರ, ಮಾತಾಡಸಬ್ಯಾಡ್ರಿ” ಎಂದು ಎಚ್ಚರಿಸುತ್ತಿದ್ದ. ಸಂತೋಷವಾದರೆ ನಗುತ್ತಿರಲಿಲ್ಲ, ಫಟ್ ಎಂದು ತಮ್ಮ ತೊಡೆಗೆ ತಾವೇ ಹೊಡೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತವರು ಬೆಚ್ಚಿಬೀಳಬೇಕು.

ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರಿಂದ ಬೈಸಿಕೊಂಡೆ. ಹಳೆಯ ಕಾಗದಗಳ ಗಂಟು ಕಟ್ಟಿಡುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡಿ, “ಇದೇನು ಗಂಟು ತಂಗಿ, ಎಮ್ಮಿ ಕಟ್ಟೀಯೇನು? ಇದನ್ನ ಬಿಚ್ಚಬೇಕಂದ್ರ ಕುಡಗೋಲ ಬೇಕು,” ಅಂದರು. ಆಮೇಲೆ ತಾವೇ ಕೂತು, ಒಂದೇ ಎಳೆತಕ್ಕೆ ಬಿಚ್ಚುವಂಥ ಗಂಟನ್ನು ಹೇಳಿಕೊಟ್ಟರು. ಬೈದದ್ದಕ್ಕೆ ಸಿಟ್ಟೂ ಬಂತು, ಹೇಳಿಕೊಟ್ಟದ್ದಕ್ಕೆ ಖುಷಿಯೂ ಆಯಿತು. ಅವರ ಜೊತೆ ಇದ್ದಷ್ಟು ಕಾಲ ನನ್ನ ಪಾಡು ಹೀಗೇ.

ಅವರ ಅಳತೆಯ ಖ್ಯಾತಿ ಸುಳ್ಳಲ್ಲ. ಗಂಗಾವತಿ ಕಡೆಯ ಕಾಲುವೆ ಗದ್ದೆಗಳಲ್ಲಿ ಒಂದು ಗೇಣು ಬದುವಿಗೆ ತಲೆ ಒಡೆದುಕೊಳ್ಳುವ ಜನ ಇವರು ಬಂದರೆ ಸುಮ್ಮನಾಗುತ್ತಿದ್ದರು. ಒಮ್ಮೆ ಅಲ್ಲಿನ ತೆಲುಗು ರೈತನೊಬ್ಬ ಒಪ್ಪದೆ, “ಇಂಕೋಸಾರಿ, ಇಂಕೋಸಾರಿ” ಎಂದು ಮೂರು ಸಲ ಅಳೆಸಿದನಂತೆ. ನಾಲ್ಕನೆಯ ಸಲ ಇವರು ಸರಪಳಿ ಅವನ ಕೈಗೇ ಕೊಟ್ಟು, “ಈಗ ನೀನ ಅಳಿಯಪ್ಪಾ. ನಿನ್ನ ಮಾರಿ ನೋಡಿ ಭೂಮಿ ಏನು ಬೆಳಿಯಂಗಿಲ್ಲ,” ಅಂದರಂತೆ. ಅವನೇ ಅಳೆದ, ಅಷ್ಟೇ ಬಂತು.

ಆದರೆ ಈ ಖ್ಯಾತಿ ಅವರ ತಲೆಗೂ ಏರಿತ್ತು, ಮುಚ್ಚಿಡುವುದೇಕೆ! “ತಪ್ಪಾತು” ಎಂಬ ಮಾತು ಅವರ ಬಾಯಲ್ಲಿ ಹೊರಳುತ್ತಲೇ ಇರಲಿಲ್ಲ. ಬಸ್ಸು ತಪ್ಪಿದರೆ ಡ್ರೈವರನ ತಪ್ಪು. ಕನ್ನಡಕ ಮರೆತು ಬಂದರೆ ಕನ್ನಡಕ ಮನೆಯಲ್ಲಿ ಉಳಿಯಿತು ಎನ್ನುತ್ತಿದ್ದರೇ ಹೊರತು ನಾನು ಮರೆತೆ ಎನ್ನುತ್ತಿರಲಿಲ್ಲ. ಅವರ ಹೆಂಡತಿ ನನ್ನೆದುರಿಗೇ, “ಇವರ ಜೋಡಿ ಇಷ್ಟು ವರ್ಷ ಬಾಳ್ವೆ ಮಾಡೀನಿ, ಒಂದ ಸಲನೂ ನನ್ನದು ತಪ್ಪಾತು ಅಂದಿಲ್ಲ ತಂಗಿ, ನನಗರ ಒಂದು ಪದಕ ಕೊಡಸ್ರಿ,” ಎಂದು ನಗುತ್ತಿದ್ದರು.

ಕಚೇರಿಯ ಅಳತೆಯಾಚೆ ಅವರಿಗೊಂದು ಹುಚ್ಚಿತ್ತು: ಕಳೆದುಹೋದ ಊರುಗಳನ್ನು ಹುಡುಕುವುದು. ನಮ್ಮ ಸೀಮೆಯ ನಿಜಾಮರ ಕಾಲದ ಕಂದಾಯ ವಹಿಗಳಲ್ಲಿ ಕೆಲವು ಊರುಗಳ ಮುಂದೆ ‘ಬೇಚಿರಾಗ್’ ಎಂದು ಬರೆದಿರುತ್ತದೆ. ದೀಪವಿಲ್ಲದ ಊರು, ಎಂದರೆ ಜನ ಬಿಟ್ಟುಹೋದ ಹಾಳೂರು. ಪ್ಲೇಗು ಬಂತೋ, ಬಾವಿ ಬತ್ತಿತೋ, ದಂಡು ಹಾದುಹೋಯಿತೋ, ಜನ ಎದ್ದುಹೋದರು. ಗೋಡೆ ಬಿದ್ದು ಮಣ್ಣಾದವು, ಮಣ್ಣಿನ ಮೇಲೆ ಜೋಳ ಬೆಳೆಯಿತು. ಪಟ್ಟಿಯಲ್ಲಿ ಹೆಸರು ಉಳಿಯಿತು, ಊರು ಎಲ್ಲಿತ್ತೆಂದು ಹೇಳುವವರು ಯಾರೂ ಉಳಿಯಲಿಲ್ಲ.

ಸಾಹೇಬ್ರು ಇವನ್ನು ಹುಡುಕುತ್ತಿದ್ದದ್ದು ಹೊಲಗಳ ಹಳೆಯ ಹೆಸರುಗಳಿಂದ. “ಹೊಲಕ್ಕ ಹೆಸರಿಟ್ಟೋರು ಆವಾಗ ಎಲ್ಲೆ ನಿಂತಿದ್ರು? ಅದೊಂದು ಕೇಳ ತಂಗಿ, ಊರು ತಾನ ಸಿಗತೈತಿ,” ಎನ್ನುತ್ತಿದ್ದರು. ಸುತ್ತ ಎರಡು ಹರದಾರಿ ಊರೇ ಇಲ್ಲದ ಕಡೆ ಒಂದು ಹೊಲಕ್ಕೆ ‘ಊರ ಮುಂದಿನ ಹೊಲ’ ಎಂಬ ಹೆಸರಿದ್ದರೆ ಅದು ಯಾವ ಊರಿನ ಮುಂದೆ? ಇನ್ನೊಂದಕ್ಕೆ ‘ಅಗಸಿ ಹೊಲ’ ಎಂದಿದ್ದರೆ ಊರಬಾಗಿಲು ಅದರ ಹತ್ತಿರವೇ ಇರಬೇಕಲ್ಲ! ಇಂಥ ಹೆಸರುಗಳನ್ನು ಕಾಗದದ ಮೇಲೆ ಬರೆದು ಗೆರೆ ಎಳೆಯುತ್ತಿದ್ದರು. ಗೆರೆಗಳೆಲ್ಲ ಬಂದು ಸೇರಿದ ಕಡೆ ನಡೆದುಹೋಗಿ ನೋಡಿದರೆ ಮಡಕೆಯ ಚೂರು, ಒರಳಿನ ತುಂಡು, ಮುಚ್ಚಿದ ಬಾವಿ ಸಿಗುತ್ತಿದ್ದವು.

ಹೆಸರು ಕೇಳುವುದರಲ್ಲೂ ಅವರದೇ ಒಂದು ರೀತಿ. ಗಂಡಸರನ್ನು ಕೇಳುತ್ತಿರಲಿಲ್ಲ. “ಗಂಡಸರಿಗೆ ಸರ್ವೇ ನಂಬರು ಬಾಯಿಪಾಠ, ಹೆಸರು ಮರತಾರ. ಬುತ್ತಿ ಒಯ್ಯೋ ಹೆಣಮಕ್ಕಳನ್ನ ಕೇಳಬೇಕು. ಅತ್ತಿ ಸೊಸಿಗೆ ‘ಇವತ್ತು ಇಂಥಾ ಹೊಲಕ್ಕ ರೊಟ್ಟಿ ಒಯ್ಯಿ’ ಅಂತ ಹೇಳೂವಾಗ ನಂಬರು ಹೇಳತಾಳೇನು?” ಅದಕ್ಕೇ ಹೊತ್ತು ನೆತ್ತಿಗೇರುವ ಮುಂಚೆ ಯಾವುದೋ ಊರ ದಾರಿಯಲ್ಲಿ ಬೇವಿನ ಗಿಡದ ಕೆಳಗೆ ಕೂತು, ತಲೆಯ ಮೇಲೆ ಬುತ್ತಿ ಹೊತ್ತ ಹೆಂಗಸರು ಬಂದಾಗ ಎದ್ದು ನಿಂತು ಕೈಮುಗಿಯುತ್ತಿದ್ದರು. ಹನುಮಸಾಗರದ ನನ್ನ ತವರಿಗೆ ಒಮ್ಮೆ ಬಂದಾಗ ನಮ್ಮವ್ವನನ್ನೂ ಬಿಡಲಿಲ್ಲ. ನಲವತ್ತು ಹೊಲದ ಹೆಸರು ಹೇಳಿ ಸುಸ್ತಾದ ನಮ್ಮವ್ವ, “ಈ ಮನಶ್ಯಾ ನನ್ನ ಗಂಡನ ಹೆಸರೊಂದು ಬಿಟ್ಟು ಎಲ್ಲಾ ಕೇಳಿದ ನೋಡು,” ಎಂದು ಬೆರಗಾದಳು.

ತಳಕಲ್ ಕಡೆ ಒಂದು ಹಾಳೂರು ಸಿಕ್ಕ ದಿನ ಕಚೇರಿಗೆಲ್ಲ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿದ್ದರು. ಎಣ್ಣೆಗೈಯಲ್ಲೇ ನಕ್ಷೆ ತೋರಿಸಹೋಗಿ ನನ್ನಿಂದ ಬೈಸಿಕೊಂಡರು. ಇನ್ನೊಮ್ಮೆ ಅವರ ಮೊಮ್ಮಗಳು ಮೊಬೈಲಿನಲ್ಲಿ ಏನೋ ಓದಿ ಹೇಳಿದಳಂತೆ: ಕೊರಿಯಾ ದೇಶದಲ್ಲೂ ಪಂಡಿತರು ಹಳೆಯ ಸ್ಥಳನಾಮ ಹಿಡಿದು ಪುರಾತನ ಕಾಲದ ಹಳ್ಳಿಗಳು ಎಲ್ಲಿದ್ದವೆಂದು ಹುಡುಕುತ್ತಾರೆ ಎಂದು. ಮರುದಿನ ನನ್ನ ಮೇಜಿನ ಮುಂದೆ ನಿಂತು ತೊಡೆ ಬಡಿದುಕೊಂಡರು. “ಕೇಳಿದಿಯೇನು ತಂಗಿ, ಕೊರಿಯಾದಾಗೂ ನಮ್ಮ ಮಂದಿ ಅದಾರ! ಆದ್ರ ಅಲ್ಲೆ ಬುತ್ತಿ ಯಾರು ಒಯ್ತಾರ ಅನ್ನೋದು ಬರದಿಲ್ಲಂತ. ಅದು ಗೊತ್ತಾಗಬೇಕಿತ್ತು.” ಒಂದು ವಾರ ಇದೇ ಮಾತು. ಯಾರಾದರೂ ಅವರ ಹುಚ್ಚನ್ನು ಆಡಿಕೊಂಡರೆ, “ಕೊರಿಯಾದಾಗ ಮಾಡತಾರ, ನಾ ಮಾಡಿದ್ರ ಏನಾತು?” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಇನ್ನು ಆ ತಪ್ಪಿನ ಕಥೆ. ಅವರು ನಿವೃತ್ತರಾಗಿ ಕೊಪ್ಪಳದಲ್ಲಿ ಮನೆ ಮಾಡಿಕೊಂಡು ಕೆಲವು ವರ್ಷ ಕಳೆದಿದ್ದವು. ಒಂದು ದಿನ ಫಕೀರವ್ವ ಎಂಬ ಎಪ್ಪತ್ತರ ಹೆಂಗಸು ಕೈಯಲ್ಲೊಂದು ನೋಟೀಸು ಹಿಡಿದು ನನ್ನ ಕೋಣೆಗೆ ಬಂದಳು. ಆಕೆಯದು ನಲವತ್ತು ಮನೆಗಳ ಒಂದು ದೊಡ್ಡಿ. ದೊಡ್ಡಿ ಎಂದರೆ ಊರಲ್ಲ, ಊರಾಚೆಯ ಗುಂಪು ಮನೆಗಳು. ಸರಕಾರದ ಪುಸ್ತಕದಲ್ಲಿ ಅದಕ್ಕೆ ಹೆಸರೇ ಇಲ್ಲ. ಎರಡು ಮೈಲಿ ಮೂಡಲಿಗಿರುವ ದೊಡ್ಡ ಊರಿನ ಹೆಸರಿನಲ್ಲೇ ಅವರ ರೇಷನ್ನು, ಅವರ ಓಟು. ಆ ಊರನ್ನು ದೊಡ್ಡೂರು ಎನ್ನೋಣ. ದೊಡ್ಡಿ ನಿಂತ ನೆಲ ದೊಡ್ಡೂರಿನ ದನ ಮೇಯುವ ಜಾಗವೆಂದೂ, ಅಲ್ಲಿ ಗೋದಾಮು ಬರಲಿದೆಯೆಂದೂ, ಎಲ್ಲರೂ ಮನೆ ಖಾಲಿ ಮಾಡಬೇಕೆಂದೂ ನೋಟೀಸಿನಲ್ಲಿತ್ತು.

“ಎಲ್ಲೆ ಹೋಗೂನ್ರಿ ಯವ್ವಾ? ನನ್ನ ಮಾವ ಅಲ್ಲೆ ಮೊದಲನೇ ಗುಡಸಲಾ ಹಾಕಿದ. ನಾ ಮದಿವಿ ಆಗಿ ಬಂದಾಗ ಮೂರು ಮನಿ ಇದ್ವು. ಐದು ಮಕ್ಕಳನ್ನ ಅಲ್ಲೇ ಹಡದೀನಿ,” ಅಂದಳು ಫಕೀರವ್ವ. ಅಳಲಿಲ್ಲ. ಅಳುವ ಹೆಂಗಸಲ್ಲ ಅದು. “ಅದು ಮೊದಲ ಕವಳಿಹಾಳ ಅಂತ ಊರು ಇತ್ತಂತ, ನಮ್ಮ ಮಾವ ಅಂತಿದ್ದ. ನಿಮ್ಮ ಕಾಗದದಾಗ ಏನರ ಐತೇನು ನೋಡ್ರಿ.”

ನೋಡಿದೆ. ಹಳೆಯ ಪಟ್ಟಿಯಲ್ಲಿ ಕವಳಿಹಾಳ ಇತ್ತು, ಮುಂದೆ ಬೇಚಿರಾಗ್. ಆದರೆ ನಕ್ಷೆ ಇರಲಿಲ್ಲ. ಎಲ್ಲಿತ್ತೆಂದು ಒಂದಕ್ಷರ ಇರಲಿಲ್ಲ. ಆ ನೆಲ ಹಳೆಯ ಊರಿನದೇ ಎಂದು ತೋರಿಸಿದರೆ ಅದು ಮನೆ ಕಟ್ಟಲಿಕ್ಕೆಂದೇ ಇರುವ ಜಾಗ, ಯಾರೂ ಎಬ್ಬಿಸುವಂತಿಲ್ಲ. ತೋರಿಸಲಾಗದಿದ್ದರೆ ನಲವತ್ತು ಮನೆ ಬೀದಿಗೆ. ನಾನು ಸಾಹೇಬ್ರಿಗೆ ಫೋನು ಮಾಡಿದೆ. “ಬಂದೆ” ಅಂದರು. ಮಧ್ಯಾಹ್ನದ ಬಸ್ಸಿಗೆ ಬಗಲಚೀಲ ಹಾಕಿಕೊಂಡು ಬಂದೇಬಿಟ್ಟರು.

ಹದಿನೈದು ದಿನ ದೊಡ್ಡೂರು, ದೊಡ್ಡಿ ಎರಡನ್ನೂ ಸುತ್ತಿದರು. ಸಿಕ್ಕ ಹೆಸರುಗಳಿಗೇನೂ ಕಡಿಮೆಯಿಲ್ಲ: ಅಗಸಿ ಹೊಲ, ಊರ ಹಿಂದಿನ ಪಟ್ಟಿ, ಕುಂಬಾರ ಕುಣಿ. ಆದರೆ ಒಂದೊಂದನ್ನೂ ದೊಡ್ಡೂರಿನವರು ತಮ್ಮದೆನ್ನುತ್ತಿದ್ದರು. “ನಮ್ಮೂರ ಹಿಂದಿನ ಪಟ್ಟಿನ ಅದು” ಎಂದರೆ ಏನು ಹೇಳುವುದು? ಎಲ್ಲ ಹೊಲಗಳೂ ಎರಡರ ನಡುವೆಯೇ ಬಿದ್ದಿದ್ದವು. “ದೊಡ್ಡೂರಾಗ ನಿಂತು ಇಡಾಕ ಬರದಂಥಾ ಹೆಸರು ಒಂದ ಒಂದು ಬೇಕು ತಂಗಿ. ಒಂದು ಸಿಕ್ರ ಸಾಕು,” ಎನ್ನುತ್ತ ನನ್ನ ಕೋಣೆಯ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. ಅವರು ಅಷ್ಟು ಸೋತು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಿಕ್ಕಿದ್ದು ಫಕೀರವ್ವನಿಂದಲೇ. ನೋಟೀಸಿನ ವಿಚಾರಣೆ ಯಾವತ್ತೆಂದು ಕೇಳಿಕೊಂಡು ಹೋಗಲು ಬಂದವಳು, “ನಾ ಹೊಕ್ಕೀನ್ರಿ, ಮೂಡಲ ಹೊಲಕ್ಕ ಕಳೇಕ ಹೋಗಬೇಕು” ಎಂದು ಎದ್ದಳು. ಸಾಹೇಬ್ರು ತಲೆ ಎತ್ತಿದರು. ಯಾವ ಹೊಲ ಎಂದು ಕೇಳಿ, ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿಕೊಂಡರು. ದೊಡ್ಡೂರು ಮೂಡಲಕ್ಕೆ, ದೊಡ್ಡಿ ಪಡುವಲಕ್ಕೆ, ನಡುವೆ ಆ ಹೊಲ. ದೊಡ್ಡೂರಿನಲ್ಲಿ ನಿಂತು ನೋಡಿದರೆ ಅದು ಪಡುವಲಕ್ಕೆ ಬರಬೇಕು. ಮೂಡಲ ಹೊಲ ಎಂದು ಕರೆಯಲು ದೊಡ್ಡಿಯ ಕಡೆಯೇ ನಿಂತಿರಬೇಕು.

“ಆದ್ರ ನೀವು ಈಗ ದೊಡ್ಡ್ಯಾಗ ಇರತೀರಿ, ಅದಕ್ಕ ಹಂಗ ಅಂತೀರಿ ಅಂತಾರ,” ಅಂದೆ ನಾನು. “ದೊಡ್ಡಿ ಹುಟ್ಟೂಕಿಂತ ಮೊದಲ ಯಾರರ ಹಂಗ ಬರದಿರಬೇಕು.”

ಸಾಹೇಬ್ರು ಎದ್ದರು. ನಿಜಾಮರ ಆಳಿಕೆ ಮುಗಿದ ಹೊಸತರಲ್ಲಿ ಉರ್ದು ವಹಿಗಳನ್ನು ಕನ್ನಡಕ್ಕೆ ಇಳಿಸಿದ ದಪ್ಪ ಪುಸ್ತಕಗಳು ನನ್ನ ಕೋಣೆಯ ಅಟ್ಟದ ಮೇಲಿವೆ. ಆಗ ಫಕೀರವ್ವನ ಮಾವ ಇನ್ನೂ ಆ ಕಡೆ ಕಾಲಿಟ್ಟಿರಲಿಲ್ಲ. ಪುಸ್ತಕ ಇಳಿಸಿ, ಧೂಳು ಕೊಡವಿ, ಆ ಹೊಲದ ಪುಟ ತೆಗೆದೆ. ‘ಪಡುವಲ ಹೊಲ’ ಎಂದಿತ್ತು. ಆಮೇಲೆ ಕನ್ನಡಕ ಏರಿಸಿ ನೋಡಿದರೆ ಅದು ತಿದ್ದಿ ಬರೆದದ್ದು. ಕೆಂಪು ಶಾಯಿಯ ಒಂದು ಗೆರೆ, ಗೆರೆಯ ಅಡಿಯಲ್ಲಿ ಹಳೆಯ ಕಪ್ಪು ಅಕ್ಷರ: ‘ಮೂಡಲ ಹೊಲ’. ಅಂಚಿನಲ್ಲಿ ತಿದ್ದಿದವರ ಸಹಿ. ಆ ಸಹಿಯನ್ನು ನಾನು ಸಾವಿರ ಕಾಗದಗಳಲ್ಲಿ ನೋಡಿದ್ದೇನೆ.

“ಸಾಹೇಬ್ರ, ಇದು ನಿಮ್ಮದು,” ಅಂದೆ.

ಅವರು ಬಗ್ಗಿ ನೋಡಿದರು. ನೌಕರಿಯ ಮೊದಲ ವರ್ಷದ ತಿದ್ದುಪಡಿ. ದೊಡ್ಡೂರಿಗೆ ಪಡುವಲಿಗಿರುವ ಹೊಲವನ್ನು ಮೂಡಲ ಎಂದು ಬರೆದಿದ್ದಾನಲ್ಲ, ಹಳೆಯ ಗುಮಾಸ್ತ ನಿದ್ದೆಗಣ್ಣಿನಲ್ಲಿ ಬರೆದ ಎಂದುಕೊಂಡು ಮೇಲಿನವರ ಒಪ್ಪಿಗೆ ಪಡೆದು ತಿದ್ದಿದ್ದರು. ಎಷ್ಟು ಸೂಕ್ಷ್ಮ ಕಣ್ಣು ಎಂದು ಮೇಲಿನವರಿಂದ ಹೊಗಳಿಕೆ ಬೇರೆ ಸಿಕ್ಕಿತ್ತಂತೆ. ಊರೂರು ಸುತ್ತಿ ಹೊಲದ ಹೆಸರು ಕೂಡಿಸಿದ ಮನುಷ್ಯ, ಒಂದು ಇಡೀ ಊರಿನ ಗುರುತನ್ನು ತನ್ನ ಕೈಯಾರೆ ಗೀಚಿಹಾಕಿದ್ದ.

ನಾನು ಅವರ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದೆ. ಫಟ್ ಎಂದು ಸದ್ದಾಯಿತು. “ಸಿಕ್ತು! ಕವಳಿಹಾಳ ಸಿಕ್ತು ತಂಗಿ!” ಕಣ್ಣಲ್ಲಿ ನೀರು, ಕೈ ತೊಡೆಯ ಮೇಲೆ. ಫಕೀರವ್ವನಿಗೆ ಏನೂ ತಿಳಿಯದೆ ಅವಳೂ ನಕ್ಕಳು. ಅವಳು ಹೋದ ಮೇಲೆ ಮಾತ್ರ ಸಾಹೇಬ್ರು ಮೆತ್ತಗಾದರು. “ಇದನ್ನ ತೋರಸಬೇಕಂದ್ರ ನನ್ನ ಸಹಿನೂ ತೋರಸಬೇಕಲ್ಲ,” ಅಂದರು. ಬಗಲಚೀಲ ಹಾಕಿಕೊಂಡು ಹೋದವರು ಮೂರು ದಿನ ಫೋನು ಎತ್ತಲಿಲ್ಲ. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಮರುಕವೂ ಬಂತು. ತಪ್ಪು ಮಾಡದವರೆಂಬ ಹೆಸರೊಂದನ್ನು ಬಿಟ್ಟರೆ ಅವರು ಗಳಿಸಿದ್ದು ಬೇರೆ ಏನಿತ್ತು?

ವಿಚಾರಣೆಯ ದಿನ ಅಧಿಕಾರಿಯ ಕೋಣೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ದೊಡ್ಡಿಯ ನಲವತ್ತು ಮನೆಯವರೂ ಗೋಡೆಗೊರಗಿ ನಿಂತಿದ್ದರು. ಸಾಹೇಬ್ರು ಹಿಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು, ನನ್ನ ಕಡೆ ನೋಡಲಿಲ್ಲ. ನಾನು ಪುಸ್ತಕ ಒಪ್ಪಿಸಿದೆ. ದೊಡ್ಡೂರಿನ ವಕೀಲ ಪುಟ ನೋಡಿ ಕುರ್ಚಿಯಿಂದ ಜಿಗಿದೆದ್ದ. “ಮೇಡಂ, ಇದರಾಗ ಏನೈತಿ? ಯಾವನೋ ತಪ್ಪು ಬರದಿದ್ದ, ಇವರು ತಿದ್ದ್ಯಾರ. ತಿದ್ದಿದವರು ಯಾರು ನೋಡ್ರಿ! ಈ ಜಿಲ್ಲಾದಾಗ ಒಂದ ಸಲನೂ ತಪ್ಪು ಮಾಡದ ಸರ್ವೇಯರು. ಅವರು ಪಡುವಲ ಅಂದ್ರ ಪಡುವಲ. ಅವರ ಇಲ್ಲೆ ಕುಂತಾರ, ಕೇಳ್ರಿ ಬೇಕಾದ್ರ!”

ಅಧಿಕಾರಿ ಮೈಸೂರು ಕಡೆಯ ಹೆಣ್ಣುಮಗಳು. “ಇದು ನಿಮ್ಮ ಸಹಿಯೇನ್ರಿ? ಈ ತಿದ್ದುಪಡಿ ಸರಿಯಾಗಿದೆಯೇ?” ಎಂದು ಕೇಳಿದರು.

ಸಾಹೇಬ್ರು ಎದ್ದು ನಿಂತರು. “ಸಹಿ ನಂದು. ತಿದ್ದಿದ್ದು ತಪ್ಪು,” ಅಂದರು.

ವಕೀಲ ಪುಸ್ತಕ ಎಳೆದುಕೊಂಡು ಆ ಸಹಿಯನ್ನು ಮತ್ತೊಮ್ಮೆ ನೋಡಿದ.

“ತಪ್ಪಾತ್ರಿ ನಂದು,” ಈ ಸಲ ದನಿ ದೊಡ್ಡದಾಯಿತು. “ಬರೆದಾವ ಸರಿ ಬರದಿದ್ದ. ನನಗ ಆವಾಗ ಮೀಸಿ ಬಂದಿದ್ವು, ಬುದ್ಧಿ ಬಂದಿದ್ದಿಲ್ಲ. ಆ ಹೊಲಕ್ಕ ಹೆಸರಿಟ್ಟ ಮಂದಿ ಅದರ ಪಡುವಲಕ್ಕ ಇದ್ರು. ಅಲ್ಲೆ ಊರಿತ್ತು. ಅದು ಕವಳಿಹಾಳ. ಸಂಶಯ ಇದ್ರ ನಡೀರಿ ಮೇಡಂ, ಊರಬಾಗಿಲ ತೋರಸ್ತೀನಿ.”

ಮೂರು ದಿನ ಈ ಮನುಷ್ಯ ಏನು ಮಾಡುತ್ತಿದ್ದರೆಂದು ಆಗ ಗೊತ್ತಾಯಿತು. ಚೀಲದಿಂದ ಮಡಿಸಿದ ನಕ್ಷೆ ತೆಗೆದರು. ಮೂಡಲ ಹೊಲವನ್ನು ಸರಿಯಾಗಿ ಹಿಡಿದ ಮೇಲೆ ಉಳಿದ ಹೆಸರುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು. ಅಧಿಕಾರಿಗೂ ಕುತೂಹಲ ಹುಟ್ಟಿತು. ಮರುದಿನ ಮುಂಜಾನೆ ಜೀಪು ದೊಡ್ಡಿಗೆ ಹೋಯಿತು, ಹಿಂದೆ ಎರಡೂ ಊರಿನ ಜನ. ಅಗಸಿ ಹೊಲದ ಮೂಲೆಯಿಂದ ಸಾಹೇಬ್ರು ಹೆಜ್ಜೆ ಎಣಿಸುತ್ತ ಹೊರಟರು. ಯಾರೂ ಮಾತಾಡಿಸಲಿಲ್ಲ. ಮನೆಗಳ ಸಾಲು ದಾಟಿ ಫಕೀರವ್ವನ ಹಿತ್ತಲಿಗೆ ಹೋದರು, ಅವಳ ತಿಪ್ಪೆಗುಂಡಿಯ ಮುಂದೆ ನಿಂತರು. “ಇಲ್ಲೆ ಅಗೀರಿ.”

“ಯಪ್ಪಾ, ಇಡೀ ಭೂಮ್ಯಾಗ ನನ್ನ ತಿಪ್ಪಿನ ಸಿಕ್ತೇನು ನಿನಗ!” ಎಂದು ಫಕೀರವ್ವ ತಲೆಗೆ ಕೈಹೊತ್ತಳು. ಜನ ಬಿದ್ದು ಬಿದ್ದು ನಕ್ಕರು. ದೊಡ್ಡಿಯ ಗಂಡಸರು ಗೊಬ್ಬರ ಎತ್ತಿಹಾಕಿ ಅಗೆದರು. ಮೊಣಕಾಲುದ್ದ ಬರೀ ಮಣ್ಣು. ಸೊಂಟದುದ್ದ ಹೋದರೂ ಮಣ್ಣೇ. ವಕೀಲ ಗಡಿಯಾರ ನೋಡಿಕೊಂಡ. ಸಾಹೇಬ್ರು ಮಾತ್ರ, “ಇನ್ನೊಂದೀಟು” ಎನ್ನುತ್ತಿದ್ದರು. ಅಷ್ಟರಲ್ಲಿ ಹಾರೆ ಠಣ್ ಎಂದಿತು.

ಒಂದಾಳುದ್ದದ ಹಾಸುಗಲ್ಲು. ಕೊಡಗಟ್ಟಲೆ ನೀರು ಹಾಕಿ ತೊಳೆದರು. ಕಲ್ಲಿನ ಮೇಲೆ ಎರಡು ಉದ್ದನೆಯ ತಗ್ಗು ಗೆರೆಗಳು ಮೂಡಿದವು, ಚಕ್ಕಡಿಯ ಗಾಲಿಗಳು ಹೋಗಿ ಬಂದು ಸವೆದ ಗುರುತು. ಊರಬಾಗಿಲ ಹೊಸ್ತಿಲು. ದನ ಮೇಯುವ ಬಯಲಿಗೆ ಯಾರೂ ಹೊಸ್ತಿಲು ಹಾಕುವುದಿಲ್ಲ. ದೊಡ್ಡೂರಿನ ಮುದುಕನೊಬ್ಬ ತಾನೇ ಮುಂದೆ ಬಂದು ಕಲ್ಲನ್ನು ಮುಟ್ಟಿ ನಮಸ್ಕರಿಸಿದ. ಅಲ್ಲಿಗೆ ವಾದ ಮುಗಿಯಿತು. ದೊಡ್ಡಿಯ ಹುಡುಗಿಯರು ಶಿಳ್ಳೆ ಹೊಡೆದರು. ಸಾಹೇಬ್ರು ಗುಂಡಿಗಿಳಿದು ಆ ತಗ್ಗಿನೊಳಗೆ ಅಂಗೈಯಿಟ್ಟು ಕೂತೇಬಿಟ್ಟರು. ಇಸ್ತ್ರಿ ಅಂಗಿಯೆಲ್ಲ ಸಗಣಿಮಯ. ನಾನು ಅತ್ತೆ, ನಾಚಿಕೆಯಿಲ್ಲದೆ ಜೋರಾಗಿಯೇ ಅತ್ತೆ.

ಆದೇಶ ಬಂದಿತು. ನೋಟೀಸು ರದ್ದಾಯಿತು, ಕವಳಿಹಾಳ ಊರುಗಳ ಪಟ್ಟಿಗೆ ಮರಳಿತು, ಬೇಚಿರಾಗ್ ಎಂಬ ಮಾತು ಹೋಯಿತು. ತಿಪ್ಪೆಯಲ್ಲಿ ಸಿಕ್ಕ ಅಗಸಿ ಕಲ್ಲನ್ನು ಜನ ಮೇಲೆತ್ತಿ ಊರಿಗೆ ಬರುವ ದಾರಿಯಲ್ಲಿ ಹಾಸಿದರು. ಪುಸ್ತಕದಲ್ಲಿ ಹೊಲದ ಹೆಸರನ್ನೂ ಮತ್ತೆ ಸರಿಪಡಿಸಬೇಕಿತ್ತು. ಕಾರಣದ ಕಾಲಮಿನಲ್ಲಿ ನಾನು ‘ಬರವಣಿಗೆಯ ದೋಷ’ ಎಂದು ಬರೆಯಹೋದೆ. ಯಾರದೆಂದು ಹೇಳಬೇಕಾಗಿಲ್ಲ, ವಯಸ್ಸಾದ ಜೀವ, ಇರಲಿ ಎಂದು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಸಾಹೇಬ್ರು ಗದರಿದರು: “ಆ ಗುಮಾಸ್ತ ಸತ್ತು ಎಷ್ಟು ವರ್ಷಾತು, ಅವನ ಮ್ಯಾಲ ಯಾಕ ಹಾಕತಿ? ಭೂಮಾಪಕನ ತಪ್ಪು ಅಂತ ಬರಿ. ಹೆಸರು ಹಾಕು. ಪೂರಾ ಹೆಸರು.” ಹಾಕಿದೆ. ಓದಿ ನೋಡಿ, “ಈಗ ಛಲೋ ಆತು,” ಅಂದರು. ಇಸ್ಪೀಟಿನಲ್ಲಿ ಗೆದ್ದವರ ಮುಖ ಹೇಗಿರುತ್ತದೆಯೋ ಹಾಗಿತ್ತು ಅವರ ಮುಖ. ಆಮೇಲೆ ಆರು ತಿಂಗಳು ಕಂಡಕಂಡವರ ಮುಂದೆಲ್ಲ ತಮ್ಮ ತಪ್ಪಿನ ಕಥೆ ಹೇಳುತ್ತ ತಿರುಗಿದರು. ಕೇಳಿ ಕೇಳಿ ಅವರ ಹೆಂಡತಿಯೇ, “ಸಾಕು ಮಾಡ್ರಿ, ಪದಕ ನನಗ ಬ್ಯಾಡ,” ಎಂದು ಕೈಮುಗಿದರು.

ಒಂದು ದಿನ ಏನೋ ಕೆಲಸಕ್ಕೆ ಕೊಪ್ಪಳಕ್ಕೆ ಹೋದವಳು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಸಾಹೇಬ್ರು ಫೋನನ್ನು ಮುಂದಿಟ್ಟುಕೊಂಡು ಚಡಪಡಿಸುತ್ತಿದ್ದರು. ಕೇಳಿದರೆ ಮೊದಲು ಹೇಳಲಿಲ್ಲ. ಕೊನೆಗೆ ಬಾಯಿಬಿಟ್ಟರು. ಫಕೀರವ್ವನಿಗೆ ಒಂದು ಕಾರ್ಡು ಹಾಕಿದ್ದರಂತೆ. ವಿಳಾಸದಲ್ಲಿ ದೊಡ್ಡೂರಿನ ಹೆಸರು ಬೇಕೆಂದೇ ಬರೆದಿರಲಿಲ್ಲ. ಫಕೀರವ್ವ, ಕವಳಿಹಾಳ, ಕೊಪ್ಪಳ ಜಿಲ್ಲೆ, ಅಷ್ಟೇ. “ಸರಕಾರದ ಪಟ್ಟ್ಯಾಗ ಬಂದ್ರ ಆತೇನು ತಂಗಿ? ಟಪಾಲು ಮುಟ್ಟಬೇಕು. ಮುಟ್ಟಿದ್ರ ಊರು.” ಹಾಕಿ ಹನ್ನೊಂದು ದಿನವಾಗಿತ್ತು. ದಿನಾ ಫಕೀರವ್ವನಿಗೆ ಫೋನು ಮಾಡಿ ಕೇಳುತ್ತಿದ್ದರಂತೆ, ದಿನಾ ಅವಳು ಇಲ್ಲ ಎನ್ನುತ್ತಿದ್ದಳಂತೆ.

ಚಹಾದ ಕಪ್ಪು ಕೆಳಗಿಡುವುದರೊಳಗೆ ಫೋನು ಬಡಿದುಕೊಂಡಿತು. ಸಾಹೇಬ್ರು ನನಗೂ ಕೇಳಿಸಲೆಂದು ಸ್ಪೀಕರು ಹಾಕಿದರು. ಫಕೀರವ್ವ ಏದುಸಿರು ಬಿಡುತ್ತಿದ್ದಳು. “ಯಪ್ಪಾ, ಟಪಾಲಿನಾಂವ ಬಂದಾನ! ಅಗಸಿ ಕಲ್ಲಿನ ಮ್ಯಾಲ ಗಾಡಿ ನಿಂದ್ರಿಸ್ಯಾನ. ಕೇಳು, ಕೇಳು.” ದೂರದಲ್ಲಿ ಒಬ್ಬ ಗಂಡಸು ಕೂಗುತ್ತಿದ್ದ: “ಕವಳಿಹಾಳ ಅಂದ್ರ ಇದ ಏನ್ರೀ?”

“ಹೌದ್ರೀ, ಇದ!” ಎಂದು ನಲವತ್ತು ಮನೆಯ ಹೆಂಗಸರು, ಗಂಡಸರು, ಮಕ್ಕಳು ಒಟ್ಟಿಗೆ ಕೂಗಿದ್ದು ಫೋನಿನಿಂದ ಚಿಮ್ಮಿ ಬಂತು.

ಸಾಹೇಬ್ರ ಕೈ ತೊಡೆಯ ಕಡೆ ಹೋಗಲೇ ಇಲ್ಲ. ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು, ಬಾಯಿಯ ಹತ್ತಿರ ತಂದು ಮೆತ್ತಗೆ, “ಫಕೀರವ್ವ, ಅವಂಗ ಇನ್ನೊಮ್ಮೆ ಕೇಳಾಕ ಹೇಳು,” ಅಂದರು.